ಗೇಟಿಗೆ ಕೊಟ್ಟ ಮೇಲೆ

೧

ತಿಪಟೂರಿನಿಂದ ಶುರು ಮಾಡಲೋ, ತುರುವೇಕೆರೆಯಿಂದಲೋ, ಚಿಕ್ಕನಾಯಕನಹಳ್ಳಿಯಿಂದಲೋ? ಇದೊಂದು ತಕರಾರಿಗೇ ನನ್ನ ಎರಡು ದಿನ ಹಾಳಾಯ್ತು ನೋಡಿ. ಕಥೆ ಮೂರೂರಿಗೂ ಸೇರಿದ್ದು. ಕಂಪನಿಯ ಹೆಸರೇ ಮೂರೂರು ಪಾರ್ಸಲ್ ಸರ್ವಿಸ್. ಊರಿಗೊಂದು ಹಬ್, ಒಟ್ಟು ಹನ್ನೊಂದು ಗಾಡಿ. ಹಬ್ ಅಂದ ತಕ್ಷಣ ಗಾಜಿನ ಕಟ್ಟಡ ಕಣ್ಮುಂದೆ ತಂದುಕೊಳ್ಳಬೇಡಿ. ತಿಪಟೂರಿನ ಹಬ್ ಅಂದರೆ ಮಾಲೀಕ ಮಲ್ಲಿಕಾರ್ಜುನಯ್ಯನವರ ಹಳೇ ಕೊಬ್ಬರಿ ಗೋಡೌನು. ಅಲ್ಲಿಂದ ಹೊರಟ ಪಾರ್ಸಲ್ಲು, ಒಳಗೆ ಮೊಬೈಲಿರಲಿ, ಮದುವೆ ಸೀರೆಯಿರಲಿ, ಕೊಬ್ಬರಿ ವಾಸನೆ ಹೊಡೆಯುತ್ತೆ.

ಮೊದಲ ಡ್ರಾಫ್ಟು ಹೀಗಿತ್ತು: “ಮುಂಜಾವಿನ ಮಂಜಿನಲ್ಲಿ ತೆಂಗಿನ ಗರಿಗಳು ಮೆಲ್ಲಗೆ ತೂಗುತ್ತಿದ್ದವು.” ಹರಿದು ಹಾಕಿದೆ. ಗರಿ ತೂಗಿದರೆ ಪಾರ್ಸಲ್ ತಲುಪುತ್ತಾ?

ಎರಡನೇ ಡ್ರಾಫ್ಟು: “ತಂತ್ರಜ್ಞಾನವು ಮನುಷ್ಯನನ್ನು...” ಇದನ್ನ ಹರಿಯೋ ಶ್ರಮಾನೂ ತಗೊಳ್ಳಲಿಲ್ಲ.

ಹೋಗಲಿ, ಫೋನಿನಿಂದ ಶುರು ಮಾಡ್ತೀನಿ. ಬುಧವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ತಿಪಟೂರು ಹಬ್‌ನಲ್ಲಿ ಫೋನು ಹೊಡಕೊಂಡಿತು. ರುಕ್ಸಾನ ಎತ್ತಿದಳು.

೨

ರುಕ್ಸಾನ ಈ ಹಬ್‌ನ ಇನ್‌ಚಾರ್ಜು. ವಯಸ್ಸು ಮೂವತ್ತನಾಲ್ಕು.

(“ಸಾರ್, ವಯಸ್ಸು ಯಾಕ್ ಬರೀತೀರಿ? ಮಲ್ಲಿಕಾರ್ಜುನಯ್ಯನವರ ವಯಸ್ಸು ಬರೆದ್ರಾ?” ಅಂತ ಅವಳು ಈಗಲೇ ಜಗಳಕ್ಕೆ ನಿಂತಿದ್ದಾಳೆ. ನ್ಯಾಯವಾದ ಮಾತು. ಆದರೆ ಬರೆದಾಗಿದೆ.)

ಮೂರು ಹಬ್‌ಗೂ ಸೇರಿ ಒಂದೇ ಸಾಫ್ಟ್‌ವೇರ್ ಬೇಕು ಅಂತ ಆರು ತಿಂಗಳು ಮಾಲೀಕರ ತಲೆ ತಿಂದವಳು ಇವಳೇ. ಮುಂಚೆ ಊರಿಗೊಂದು ನೋಟ್‌ಬುಕ್ಕು, ಊರಿಗೊಂದು ವಾಟ್ಸಾಪ್ ಗ್ರೂಪು. ತುರುವೇಕೆರೆಯವರು ಕಳಿಸಿದೆವು ಅನ್ನೋರು, ಚಿಕ್ಕನಾಯಕನಹಳ್ಳಿಯವರು ಬಂದೇ ಇಲ್ಲ ಅನ್ನೋರು, ಮಧ್ಯೆ ಬೈಸಿಕೊಳ್ಳೋಳು ರುಕ್ಸಾನ. ಈಗ ಮೂರು ವಾರದಿಂದ ಎಲ್ಲ ಒಂದೇ ಪರದೆ ಮೇಲೆ. ಹೊರಟದ್ದು ಹಳದಿ, ದಾರಿಯಲ್ಲಿರೋದು ನೀಲಿ, ತಲುಪಿದ್ದು ಹಸಿರು. ಬೆಳಿಗ್ಗೆ ಬಂದು ಆ ಹಸಿರು ಸಾಲು ನೋಡಿದರೆ ಅವಳಿಗೆ ಒಂದು ಲೋಟ ಟೀ ಕುಡಿದಷ್ಟು ಹಾಯ್ ಅನ್ನಿಸೋದು.

ಫೋನಿನಲ್ಲಿ ಒಂದು ಹೆಂಗಸಿನ ದನಿ. “ನಾನು ಗಿರಿಜಾಂಬಿಕಾ ಅಂತ ಕಣಮ್ಮ. ಬೋರನಕಣಿವೆ ಕಡೆ, ತೋಟದ ಮನೆ. ನಮ್ಮ ಹುಡುಗನ ಮಾತ್ರೆ ಬರ್ಬೇಕಿತ್ತು. ತಿಂಗಳು ತಿಂಗಳೂ ಬೆಂಗಳೂರಿಂದ ನಿಮ್ಮಲ್ಲೇ ಬತ್ತಿತ್ತು. ಈ ಸಲ ಇನ್ನೂ ಬಂದೇ ಇಲ್ವಲ್ಲ.”

ರುಕ್ಸಾನ ನಂಬರ್ ಹೊಡೆದಳು. ಹಸಿರು. ಶನಿವಾರ, ಮಧ್ಯಾಹ್ನ ಹನ್ನೆರಡು ಇಪ್ಪತ್ತು.

“ಡೆಲಿವರಿ ಆಗಿದೆಯಲ್ಲಮ್ಮ.”

“ಯಾರಿಗೆ?”

ಯಾರಿಗೆ ಅನ್ನೋ ಕಾಲಂನಲ್ಲಿ ಒಂದೇ ಪದ ಇತ್ತು: ಗೇಟ್.

೩

ಹೊರಗಿನ ಓದುಗರಿಗೊಂದು ಮಾತು. (ನಮ್ಮ ಕಡೆಯವರು ಈ ತುಂಡು ಹಾರಿಸಿ ಮುಂದಕ್ಕೆ ಹೋಗಿ, ಏನೂ ನಷ್ಟವಿಲ್ಲ.) ಇಲ್ಲಿ ಗೇಟ್ ಅಂದರೆ ಕಬ್ಬಿಣದ ಬಾಗಿಲಲ್ಲ. ಟಾರು ರೋಡಿನಿಂದ ಊರಿನ ದಾರಿ ಒಡೆಯುವ ಜಾಗ. ಅಲ್ಲೊಂದು ಬೇವಿನ ಮರ, ಒಂದು ಬಸ್ ಸ್ಟಾಪು, ಒಂದು ಟೀ ಅಂಗಡಿ. ಊರು ಒಳಗೆ ಮೂರು ಮೈಲಿ ಇದ್ದರೂ ಊರಿನ ವ್ಯವಹಾರವೆಲ್ಲ ಗೇಟಲ್ಲೇ. ಲಗ್ನಪತ್ರಿಕೆ ಗೇಟಿಗೆ ಕೊಡ್ತಾರೆ, ರಿಪೇರಿಯಾದ ಮೋಟರು ಗೇಟಲ್ಲಿಳಿಸ್ತಾರೆ, ಬೀಗರ ಮನೆಯಿಂದ ಬಂದ ಹಲಸಿನಹಣ್ಣೂ ಗೇಟಲ್ಲೇ. ಅಂಗಡಿಯವರು ಎತ್ತಿಡ್ತಾರೆ. ಯಾರೂ ರಸೀತಿ ಕೇಳಲ್ಲ. ಗೇಟಿಗೆ ಕೊಟ್ಟರೆ ಮನೆಗೆ ಕೊಟ್ಟಂಗೆ, ಅಷ್ಟೇ.

ಸಾಫ್ಟ್‌ವೇರ್ ಹಾಕಲು ಬಂದಿದ್ದವರು ಕೇಳಿದ್ದರು: “ಮೇಡಂ, ನಿಮ್ಮ ಕೊನೇ ಪಾಯಿಂಟ್ ಯಾವುದು?” ರುಕ್ಸಾನ ಎರಡನೇ ಯೋಚನೆಯಿಲ್ಲದೆ ಗೇಟ್ ಅಂದಿದ್ದಳು. ಎಷ್ಟು ಗೇಟ್ ಅಂದರು. ಎಣಿಸಿದರೆ ನಲವತ್ತೇಳು. ಒಂದೊಂದನ್ನೇ ಟೈಪ್ ಮಾಡತೊಡಗಿದಳು. ಆರನೆಯದಕ್ಕೆ ಬೇಜಾರು ಬಂತು. ಯಾವ ಪಾರ್ಸಲ್ ಯಾವ ಗೇಟಿಗೆ ಅಂತ ಗಾಡಿ ಹುಡುಗರಿಗೆ ಗೊತ್ತಿಲ್ವಾ ಅಂದುಕೊಂಡು, ಆರನ್ನೂ ಅಳಿಸಿ ಬರೀ ‘ಗೇಟ್’ ಅಂತ ಹಾಕಿ ಸೇವ್ ಒತ್ತಿದಳು. ಹುಡುಗರು ಗೇಟಲ್ಲಿ ಬಟನ್ ಒತ್ತಿದರೆ ಇಲ್ಲಿ ಹಸಿರಾಗೋದು. ಮೂರು ವಾರ ಎಲ್ಲ ಚೆನ್ನಾಗೇ ಇತ್ತು.

ಅಂದರೆ ತಪ್ಪು ಅವಳದ್ದೇ. ಇದನ್ನ ಮೂರನೇ ತುಂಡಿನಲ್ಲೇ ಬಿಟ್ಟುಕೊಟ್ಟಿದ್ದು ಕಥೆಗಾರನಾಗಿ ನನ್ನ ದಡ್ಡತನ. ಆದರೆ ಆ ಪದ ಓದಿದ ಗಳಿಗೆಯಲ್ಲೇ ಅವಳಿಗೆ ಗೊತ್ತಾಗಿಹೋಗಿತ್ತು. ಅವಳಿಗೆ ಗೊತ್ತಾದ ಮೇಲೂ ನಿಮ್ಮಿಂದ ಮುಚ್ಚಿಡೋದು ಯಾವ ನ್ಯಾಯ?

೪

“ಎಷ್ಟಿದೆಯಮ್ಮ ಇನ್ನು, ಮಾತ್ರೆ?”

“ಇವತ್ತು ಬೆಳಿಗ್ಗೆ ಎಂಟಕ್ಕೆ ನುಂಗಿದ್ದೇ ಕೊನೇದು. ಇನ್ನು ರಾತ್ರಿ ಎಂಟಕ್ಕೆ ಬೇಕು.”

ಮಗನ ಹೆಸರು ಜ್ಞಾನೇಶ್. ಇಪ್ಪತ್ತಾರು ವರ್ಷ. ಹತ್ತು ತಿಂಗಳ ಹಿಂದೆ ಕಿಡ್ನಿ ಹಾಕಿಸಿಕೊಂಡವನು. ಕೊಟ್ಟವಳು ತಾಯಿ, ಈ ಗಿರಿಜಾಂಬಿಕಾನೇ. ಬೇರೆಯವರ ಕಿಡ್ನಿಯನ್ನ ಮೈ ಒಲ್ಲೆ ಅನ್ನದ ಹಾಗೆ ನೋಡಿಕೊಳ್ಳೋ ಮಾತ್ರೆ ಅದು. ಬೆಳಿಗ್ಗೆ ಎಂಟು, ರಾತ್ರಿ ಎಂಟು, ಬದುಕಿರೋವರೆಗೆ.

(“ತುಮಕೂರಿನಲ್ಲಿ ಸಿಗಲ್ವೇನ್ರೀ?” ಅಂತ ಕೇಳ್ತಿದ್ದೀರಿ. ಗೊತ್ತು. ಜ್ಞಾನೇಶನೇ ಅಲ್ಲಿನ ಎರಡು ಮೆಡಿಕಲ್ಲಿಗೆ ಫೋನ್ ಮಾಡಿದ್ದಾನೆ. ಆ ಕಂಪನಿಯದು, ಆ ಪವರಿನದು, ತರಿಸಿಕೊಡಬೇಕು, ನಾಳೆ ಬರುತ್ತೆ ಅಂದರು. ಕಂಪನಿ ಬದಲಾಯಿಸಬೇಡಿ ಅಂದಿದ್ದಾರೆ ಡಾಕ್ಟರು. “ಒಂದು ಹೊತ್ತು ಹಿಂದೆಮುಂದೆ ಆದರೆ ಏನಾಗಲ್ಲ” ಅಂತಲೂ ಹೇಳ್ತೀರಿ. ಇರಬಹುದು. ಮೊನ್ನೆ ಯುಗಾದಿ ಸಮಯದಲ್ಲಿ ಹೀಗೇ ಎರಡು ಹೊತ್ತು ತಪ್ಪಿ, ಹುಡುಗ ಹದಿನೈದು ದಿನ ಆಸ್ಪತ್ರೆಯಲ್ಲಿದ್ದ. ಇನ್ನೊಂದು ಸಲ ತಪ್ಪಿಸಿದರೆ ನಮ್ಮನ್ನ ಕೇಳಬೇಡಿ ಅಂದು ಕಳಿಸಿದ್ದಾರೆ. ನಿಮ್ಮ ಸಮಾಧಾನವನ್ನ ಆ ಮನೆ ಬಾಗಿಲಲ್ಲಿ ನಿಂತು ಹೇಳಿ ನೋಡೋಣ.)

ರುಕ್ಸಾನ ಏನಂದಳು? ಈ ಕಸುಬಿನವರೆಲ್ಲ ಅನ್ನೋದನ್ನೇ ಅಂದಳು. “ದಾರೀಲಿದೆಯಮ್ಮ. ಸಂಜೆಯೊಳಗೆ ಬಂದ್ಬಿಡುತ್ತೆ.”

ಫೋನಿಟ್ಟು, ಆ ಪಾರ್ಸಲ್ ಯಾರ ಗಾಡಿಯಲ್ಲಿ ಹೋಗಿತ್ತು ಅಂತ ಪರದೆಯಲ್ಲಿ ಹುಡುಕಿದಳು.

೫

ಆ ಮಾತ್ರೆ ಡಬ್ಬಿ ಒಯ್ದವನು ಗಾಡಿ ಓಡಿಸೋ ದುರ್ಗಯ್ಯ ಅಂತ ಪರದೆ ಹೇಳಿತು. ಅದನ್ನಾದರೂ ಹೇಳಿತಲ್ಲ. ದುರ್ಗಯ್ಯನನ್ನು ಕೇಳಿದರೆ ಗೇಟು ಗೊತ್ತಾಗುತ್ತೆ, ಕಥೆ ಮುಗಿಯುತ್ತೆ. ಆದರೆ ದುರ್ಗಯ್ಯ ಸೋಮವಾರ ಕೆಲಸ ಬಿಟ್ಟಿದ್ದ.

ಇಲ್ಲಿ ನಾನೊಂದು ನೀಚ ಕೆಲಸ ಮಾಡಿದೆ. ಆತಂಕ ಏರಲಿ ಅಂತ, ದುರ್ಗಯ್ಯ ಮಂಗಳವಾರ ತೀರಿಕೊಂಡ ಅಂತ ಒಂದು ಪುಟ ಬರೆದೆ. ಎದೆನೋವು, ಆಟೋ, ದಾರಿಯಲ್ಲೇ ಹೋದ. ಬರೆದು ಟೀ ಕುಡಿದು ಬರೋಷ್ಟರಲ್ಲಿ ಆತ ನನ್ನ ಟೇಬಲ್ಲಿನ ಎದುರು ನಿಂತಿದ್ದ.

“ಯಾಕ್ ಸ್ವಾಮಿ? ನಿಮ್ ಕತೆ ನಡೀಲಿ ಅಂತ ನಾನ್ಯಾಕ್ ಸಾಯ್ಬೇಕು? ಕ್ಯಾಮೆ ಬುಟ್ಟಿವ್ನಿ ಅಷ್ಟೇಯ. ಅದ್ಯಾಕ್ ಬುಟ್ಟೆ ಅಂತ ಬರೀರಿ, ದಮ್ ಇದ್ರೆ.”

ಆ ಪುಟ ಹರಿದೆ. ಯಾಕೆ ಬಿಟ್ಟ ಅನ್ನೋದು ಇದು: ಹೊಸ ಸಾಫ್ಟ್‌ವೇರ್‌ನಲ್ಲಿ ಗಾಡಿ ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಅನ್ನೋ ರಿಪೋರ್ಟು ಬರುತ್ತೆ. ದುರ್ಗಯ್ಯನ ಗಾಡಿ ಪ್ರತಿ ಗೇಟಲ್ಲೂ ಒಂಬತ್ತು ನಿಮಿಷ ನಿಂತಿತ್ತು. ಬೇರೆಯವರದು ಎರಡು, ಮೂರು. ರುಕ್ಸಾನ ಶುಕ್ರವಾರ ಕರೆದು ಕೇಳಿದಳು. ಪಾರ್ಸಲ್ಲಿನ ಮನೆಯವರಿಗೆ ಫೋನ್ ಮಾಡ್ತೀನಿ ಕಣವ್ವ ಅಂದ. “ಅದೆಲ್ಲ ಬೇಡ ದುರ್ಗಯ್ಯಣ್ಣ, ಮೆಸೇಜು ತಾನಾಗೇ ಹೋಗುತ್ತೆ” ಅಂದಳು. ಸೋಮವಾರ ಮೂರು ವಾರದ ರಿಪೋರ್ಟನ್ನು ಮಾಲೀಕರ ಮುಂದಿಟ್ಟಳು. ಕೆಟ್ಟದು ಮಾಡಬೇಕು ಅಂತಲ್ಲ, ಕೆಂಪು ಗೆರೆ ಕಂಡಿತು, ತೋರಿಸಿದಳು. ಮಲ್ಲಿಕಾರ್ಜುನಯ್ಯನವರು ಎಲ್ಲರೆದುರೇ ಅಂದುಬಿಟ್ಟರು: “ಏನಯ್ಯಾ, ಗೇಟ್ ಗೇಟಲ್ಲೂ ಟೀ ಕುಡಿಯೋಕೆ ಸಂಬಳ ಕೊಡ್ತೀನೇನಯ್ಯಾ ನಾನು?” ದುರ್ಗಯ್ಯ ಅರವತ್ತರ ಹತ್ತಿರದ ಮನುಷ್ಯ. ಕಂಪನಿಯ ಫೋನನ್ನು ಟೇಬಲ್ ಮೇಲಿಟ್ಟು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಆತನ ಸ್ವಂತ ಫೋನಿಗೆ ರುಕ್ಸಾನ ಹದಿನಾಲ್ಕು ಸಲ ಮಾಡಿದಳು. ಹದಿನಾಲ್ಕು ಸಲವೂ ಕಟ್. ಕೊನೆಗೆ ಹುಳಿಯಾರು ಹತ್ತಿರದ ಕೆಂಕೆರೆಗೆ, ಆತನ ಊರಿಗೆ, ತಾನೇ ಹೊರಟಳು.

೬

(ನಾನು ಕೂಡ ಇಷ್ಟು ವರ್ಷ ಕಥೆಗಳನ್ನ ಗೇಟಿಗೇ ಕೊಟ್ಟು ಬಂದವನು. ಅಲ್ಲಿಂದ ಒಳಕ್ಕೆ ಯಾರು ಒಯ್ದರೋ, ಇಲಿ ತಿಂತೋ, ವಿಚಾರಿಸಿದವನಲ್ಲ. ಈ ಮಾತು ಇಲ್ಲಿ ಬೇಕಿರಲಿಲ್ಲ. ರುಕ್ಸಾನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಣ್ಣು ಕೆಕ್ಕರಿಸ್ತಿದ್ದಾಳೆ: “ನಿಮ್ ತತ್ವ ಆಮೇಲೆ ಸಾರ್. ಹುಳಿಯಾರು ಬಸ್ ಎಷ್ಟೊತ್ತಿಗೆ?”)

ಸರ್ಕಾರಿ ಬಸ್ಸಿಗೆ ಕಾದರೆ ಹೆಂಗಸರಿಗೆ ಟಿಕೆಟ್ಟಿಲ್ಲ, ಆದರೆ ಬಸ್ಸೂ ಇಲ್ಲ. ಒಂದೂವರೆಗೆ ಪ್ರೈವೇಟ್ ಬಸ್ಸು ಹತ್ತಿದಳು. ಚಿಕ್ಕನಾಯಕನಹಳ್ಳಿಯಲ್ಲಿ ಅರ್ಧ ಗಂಟೆ ನಿಂತಿತು. ಕಿಟಕಿಯಾಚೆ ಗೇಟಿನ ಮೇಲೆ ಗೇಟು ಹೋಗುತ್ತಿದ್ದವು. ಪ್ರತಿ ಟೀ ಅಂಗಡಿಯ ಗಾಜಿನ ಡಬ್ಬಿಗಳ ಹಿಂದೆ ಒಂದು ಕಂದು ರಟ್ಟಿನ ಡಬ್ಬಿ ಕಂಡ ಹಾಗಾಗೋದು. “ಯಾ ಅಲ್ಲಾ, ನಲವತ್ತೇಳು ಟೈಪ್ ಮಾಡೋಕೆ ಎಷ್ಟೊತ್ತು ಆಗ್ತಿತ್ತು? ಒಂದು ಗಂಟೆ ಆಗ್ತಿತ್ತು” ಅಂತ ತನಗೆ ತಾನೇ ಅಂದುಕೊಂಡಳು. ಪಕ್ಕದಲ್ಲಿದ್ದ ಹೆಂಗಸು, ಯಾಕವ್ವ ಮೈಗೆ ಹುಷಾರಿಲ್ವಾ ಅಂತ ವಿಚಾರಿಸಿತು.

ಕೆಂಕೆರೆಯಲ್ಲಿಳಿದು ದುರ್ಗಯ್ಯನ ಮನೆ ಕೇಳಿದಳು. ಮನೆಯಲ್ಲಿಲ್ಲ, ಕಾಯಿ ಸುಲಿಯೋಕೆ ಹೋಗಿದ್ದಾನೆ ಅಂದರು. ತೋಟ ಹುಡುಕೋಷ್ಟರಲ್ಲಿ ನಾಲ್ಕೂಕಾಲು.

೭

ಆಳೆತ್ತರ ಕಾಯಿ ರಾಶಿ. ದುರ್ಗಯ್ಯ ನೆಟ್ಟ ಹಾರೆಗೆ ಕಾಯಿ ಚುಚ್ಚಿ, ತಿರುವಿ, ಮಟ್ಟೆ ಕಿತ್ತೆಸೆಯುತ್ತಿದ್ದ. ಅವಳನ್ನು ನೋಡಿದ. ಮತ್ತೊಂದು ಕಾಯಿ ತಗೊಂಡ.

“ಇಲ್ಲಿಗೂ ಬಂತೇನವ್ವ ನಿನ್ ಗಡಿಯಾರ? ಬರ್ಕೋ. ಕಾಯಿಗೆಷ್ಟು ನಿಮಿಷ ಅಂತ ಬರ್ಕೋ.”

“ಬೈಯಣ್ಣ, ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ಶನಿವಾರ ಗಿರಿಜಾಂಬಿಕಮ್ಮನ ಡಬ್ಬಿ ಯಾವ ಗೇಟಿಗೆ ಕೊಟ್ಟೆ?”

“ಕಂಪ್ಯೂಟ್ರು ಹೇಳಾಕಿಲ್ವಾ?”

“ಗೇಟ್ ಅಂತ ಹೇಳುತ್ತೆ.”

ದುರ್ಗಯ್ಯ ನಕ್ಕ. ಕೆಟ್ಟ ನಗು. ಪಕ್ಕದಲ್ಲಿ ಸುಲಿಯುತ್ತಿದ್ದವರೂ ನಕ್ಕರು. ರುಕ್ಸಾನಳ ಕಣ್ಣಲ್ಲಿ ನೀರು ಬಂತು.

“ಮಾತ್ರೆ ಅಣ್ಣ ಅದು. ಎಂಟಕ್ಕೆ ಬೇಕು. ಅವ್ರಿಗೆ ಇನ್ನೂ ಸಿಕ್ಕಿಲ್ಲ.”

ಹಾರೆಯ ಮೇಲೆ ಕೈ ನಿಂತಿತು. “ಜ್ಞಾನೇಶಪ್ಪಂದಾ? ಅಯ್ಯೋ ಶಿವನೇ. ನಾಕು ದಿನ ಆಯ್ತಲ್ಲವ್ವ!”

“ಮೆಸೇಜು ಹೋಗಿದೆ. ಇಂಗ್ಲಿಷಲ್ಲಿ ಹೋಗಿದೆ. ಅವ್ರು ನೋಡಿಲ್ಲ.”

“ಆ ಯಮ್ಮಂಗೆ ತಿಂಗ್ಳು ತಿಂಗ್ಳೂ ಗೇಟಲ್ಲಿ ನಿಂತ್ಕಂಡು ಫೋನ್ ಮಾಡ್ತಿದ್ದೆ. ಒಂದೊಂದ್ ಸಲ ಒಂದೊಂದು ಗೇಟು, ಯಾವ್ದು ಅಂತ ಫೋನಲ್ಲೇ ಹೇಳ್ಬೇಕು. ಆ ತೋಟದಾಗೆ ಸಿಗ್ನಲ್ ಸಿಗಾಕಿಲ್ಲ. ನಾಕು ಸಲ ಮಾಡಿದ್ರೆ ಒಂದ್ಸಲ ಹತ್ತೋದು. ‘ಅವ್ವಾ ಬಂದೈತೆ, ಕಳ್ಸು ಯಾರ್ನಾದ್ರೂವೆ’ ಅಂದು, ಅವ್ರು ಹೂಂ ಅಂದ್ಮ್ಯಾಲೆ ಗಾಡಿ ಹತ್ತೋದು. ನೀನು ತೋರಿಸಿದ್ಯಲ್ಲ ಒಂಬತ್ ನಿಮಿಷ, ಅದು ಇದು ಕಣವ್ವ. ಟೀ ಕುಡ್ದಿಲ್ಲ ನಾನು. ನಂಗೆ ಸಕ್ಕರೆ ಕಾಯಿಲೆ.” ಕೈಯಲ್ಲಿದ್ದ ಕಾಯಿಯನ್ನ ರಾಶಿಗೆ ಎಸೆದ. “ಫೋನ್ ಮಾಡ್ಬ್ಯಾಡ ಅಂದೋರ್ಯಾರು?”

“ನಾನೇ.”

ಇಲ್ಲಿ ಅವಳಿಗೆ ಸಮಜಾಯಿಷಿ ಕೊಡೋ ಒಂದು ಮಾತು ಬರೆದುಕೊಟ್ಟಿದ್ದೆ. ಅವಳು ಅದನ್ನು ಆಡಲಿಲ್ಲ. ತಪ್ಪಾಯ್ತಣ್ಣ ಅಂದಳು, ಅಷ್ಟೇ. ದುರ್ಗಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ತಪ್ಪು ಒಪ್ಪು ಆಮ್ಯಾಕೆ. ಗಾಡಿ ಹತ್ತು, ನನ್ ಟಿವಿಎಸ್ಸು ಐತೆ. ತೋಪಿನ ಗೇಟು. ರಂಗಕ್ಕನ ಅಂಗ್ಡಿ.”

೮

ತೋಪಿನ ಗೇಟಿನ ರಂಗಕ್ಕ ಬಾಣಲೆಯಿಂದ ಬೋಂಡ ತೆಗೆಯುತ್ತಾ ಹೇಳಿದಳು: “ಇತ್ತು ಕಣಪ್ಪ, ಮೂರು ದಿನ ಜ್ವಾಪಾನ ಮಾಡಿದೆ. ಯಾರೂ ಬರ್ನಿಲ್ಲ. ನೀನು ಫೋನ್ ಮಾಡಿರ್ತೀಯಾ ಅಂದ್ಕಂಡೆ. ಇಲಿ ಬ್ಯಾರೆ ಕಾಟ. ನೆನ್ನೆ ಹಾಲಿನ ಡೈರಿ ಹನುಮಂತರಾಜು ಬಂದಿದ್ದ, ಆ ಕಡೆಯೋನಲ್ವಾ, ಕೊಟ್ಕಳಿಸ್ದೆ.”

ಆಕೆಯದೂ ತಪ್ಪಿಲ್ಲ. ಆ ಕಡೆ ಹೋಗೋರ ಕೈಲಿ ಕಳಿಸೋದು ಗೇಟಿನ ಧರ್ಮ. ಆದರೆ ಹನುಮಂತರಾಜುವಿನ ಊರು ಬೋರನಕಣಿವೆ ಕೆರೆ ಹಿನ್ನೀರಿನ ಈಚೆ, ಗಿರಿಜಾಂಬಿಕಾಳ ತೋಟ ಆಚೆ. ಮಧ್ಯೆ ಸುತ್ತು ದಾರಿ. ಹನುಮಂತರಾಜು ಫೋನ್ ಎತ್ತಲಿಲ್ಲ. ಹಾಲು ಅಳೆಯೋಕೆ ಡೈರಿ ಬಾಗಿಲು ತೆಗೆಯೋದು ಆರೂವರೆಗೆ.

ಈಗ ಐದೂಮುಕ್ಕಾಲು. ರುಕ್ಸಾನ ಬೇವಿನ ಮರದ ಕೆಳಗೆ ನಿಂತು ಗಿರಿಜಾಂಬಿಕಾಗೆ ಫೋನ್ ಮಾಡಿದಳು. ಮೂರು ಸಲ ಹತ್ತಲಿಲ್ಲ. ನಾಲ್ಕನೇ ಸಲ ಹತ್ತಿತು. ನಾನು ಪಿಸುಗುಟ್ಟಿದೆ: ದಾರೀಲಿದೆ ಅನ್ನಿ, ಇನ್ನೊಂದೂವರೆ ಗಂಟೆ ತಳ್ಳಬಹುದು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಅಮ್ಮ, ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ಡಬ್ಬಿ ಎಲ್ಲಿದೆ ಅಂತ ಆಗ ಗೊತ್ತಿರಲಿಲ್ಲ. ಈಗ ಹುಡುಕ್ತಾ ಇದೀನಿ. ಡೈರಿ ಹನುಮಂತರಾಜು ಹತ್ರ ಇರಬೇಕು. ತಪ್ಪು ನಂದು.”

ಬೈತಾಳೆ ಅಂದುಕೊಂಡಳು. ಬೈದಿದ್ದರೆ ಎಷ್ಟೋ ವಾಸಿ.

“ಹೆಂಗಾದ್ರೂ ಮಾಡಿ ತಂದ್ಬುಡಮ್ಮ,” ಅಂದಳು ಗಿರಿಜಾಂಬಿಕಾ. ದನಿ ತಗ್ಗಿತ್ತು, ಮಗನಿಗೆ ಕೇಳಿಸಬಾರದು ಅಂತ ಇರಬೇಕು. “ಕೊಡೋಕೆ ನನ್ ಹತ್ರ ಇನ್ನೊಂದಿಲ್ಲ.”

ಇದಾದ ಮೇಲೆ ನಾನು ಒಂದು ದಿನ ಏನೂ ಬರೆಯಲಿಲ್ಲ.

೯

ಮುಗಿಸೋ ಬಗೆಗಳು. ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಅನ್ನೋಣ ಅಂತಿದ್ದೆ.

ಅ) ಡೈರಿಯಲ್ಲಿ ಡಬ್ಬಿ ಇದೆ. ಏಳಕ್ಕೇ ತಲುಪಿಸ್ತಾರೆ. ಗಿರಿಜಾಂಬಿಕಾ ಎಲ್ಲರಿಗೂ ಪಾಯಸ ಮಾಡ್ತಾಳೆ. ದುರ್ಗಯ್ಯನಿಗೆ ಕೆಲಸ ವಾಪಸ್, ಹಾರ ಬೇರೆ. (ಸಕ್ಕರೆ ಕಾಯಿಲೆಯವನಿಗೆ ಪಾಯಸ! ಬರೆಯೋ ಮುಂಚೆ ಹಿಂದಿನ ಪುಟ ಓದೋ ಅಭ್ಯಾಸ ನನಗಿಲ್ಲ.)

ಆ) ಡೈರಿಯಲ್ಲಿ ಡಬ್ಬಿ ಇಲ್ಲ. ಹನುಮಂತರಾಜು ಅದನ್ನ ಇನ್ಯಾರದೋ ಕೈಲಿ ಕಳಿಸಿದ್ದಾನೆ, ಅವರು ಇನ್ಯಾರಿಗೋ. ಡಬ್ಬಿ ಮೂರು ತಾಲ್ಲೂಕು ಸುತ್ತುತ್ತಲೇ ಇರುತ್ತೆ. (ವಿಮರ್ಶಕರಿಗೆ ಹಿಡಿಸಬಹುದು. ರುಕ್ಸಾನ ಚಪ್ಪಲಿ ತಗೋತಾಳೆ.)

ಇ) ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದರೆ, ಹಸಿರಾದದ್ದನ್ನ ವಾಪಸ್ ನೀಲಿ ಮಾಡೋಕೆ ಬರಲ್ಲ ಮೇಡಂ ಅಂತಾರೆ. ಅಲ್ಲಿಗೆ ಮುಗೀತು. (ಇದು ನಿಜವಾಗಿಯೂ ನಡೆಯಿತು, ಆರೂ ಹತ್ತಕ್ಕೆ. ಆದರೆ ಅದರಿಂದ ಏನೂ ಮುಗಿಯಲಿಲ್ಲ.)

“ಈ ಅ ಆ ಇ ಬುಟ್ಟು, ಆದದ್ದು ಬರೀರಿ ಸ್ವಾಮಿ,” ಅಂದ ದುರ್ಗಯ್ಯ.

ಆದದ್ದು ಇಷ್ಟು. ಹನುಮಂತರಾಜು ಆರೂವರೆಗೆ ಬರಲಿಲ್ಲ, ಏಳೂ ಹತ್ತಕ್ಕೆ ಬಂದ. ಕ್ಯಾನ್ ಹಿಡಿದವರ ಸಾಲು ಗೊಣಗುತ್ತಿತ್ತು. ರುಕ್ಸಾನ ಸಾಲು ಸೀಳಿಕೊಂಡು ಒಳಗೆ ನುಗ್ಗಿದಳು. ಹಾಲಿನ ಫ್ಯಾಟ್ ನೋಡೋ ಮಿಷನ್ನಿನ ಪಕ್ಕದ ಕಿಟಕಿಯಲ್ಲಿ, ಹಳೇ ಪೇಪರಿನ ಕೆಳಗೆ, ಡಬ್ಬಿ. “ಅಯ್ಯಯ್ಯೋ, ಮರ್ತೇ ಹೋಯ್ತು ಕಣ್ರೀ. ನಾಳೆ ಆ ಕಡೆ ಯಾರಾದ್ರೂ ಹೋದ್ರೆ ಕೊಡೋಣ ಅಂತಿದ್ದೆ,” ಅಂದ ಹನುಮಂತರಾಜು. ರುಕ್ಸಾನ ಡಬ್ಬಿಯನ್ನ ದುಪಟ್ಟಾದಲ್ಲಿ ಸುತ್ತಿ ಎದೆಗವಚಿಕೊಂಡು ಗಾಡಿ ಹತ್ತಿದಳು. ಗಂಟೆ ಏಳೂ ಇಪ್ಪತ್ತು.

ಹಿನ್ನೀರು ಸುತ್ತಿಕೊಂಡು ಹೋಗೋ ದಾರಿ. ಕಲ್ಲು, ಗುಂಡಿ. ಹಳೇ ಟಿವಿಎಸ್ಸು, ಇಬ್ಬರ ಭಾರ. ದುರ್ಗಯ್ಯ ಬಾಯಲ್ಲಿ ಹೂಂ, ಹೂಂ ಅಂತ ಗಾಡಿಯನ್ನ ಹುರಿದುಂಬಿಸುತ್ತಿದ್ದ. ತೋಟದ ಮನೆಯಲ್ಲಿ ಗಿರಿಜಾಂಬಿಕಾ ಹೊರಗಿನ ದೀಪ ಹಾಕಿ, ಒಂದು ಲೋಟ ನೀರು ತುಂಬಿ ಜಗುಲಿಯ ಮೇಲಿಟ್ಟು, ದಾರಿ ನೋಡುತ್ತಾ ನಿಂತಿದ್ದಳು. ಜ್ಞಾನೇಶ್ ಒಳಗೆ ಟಿವಿ ಹಾಕಿಕೊಂಡಿದ್ದ, ನೋಡುತ್ತಿರಲಿಲ್ಲ.

ಏಳು ಐವತ್ತು.

೧೦

ಇಲ್ಲಿ ಪೆನ್ನು ಕೆಳಗಿಟ್ಟೆ.

ನನಗೆ ಭಯ ಆಯ್ತು ಕಣ್ರೀ. ಸುಳ್ಳು ಯಾಕೆ ಹೇಳಲಿ. ಇನ್ನು ಎಷ್ಟು ದೂರ ಇದೆ ಅಂತ ನನಗೆ ಗೊತ್ತಿಲ್ಲ. ತಲುಪಿದರೂ, ನಾಲ್ಕು ದಿನ ಎಲ್ಲೆಲ್ಲೋ ಬಿದ್ದಿದ್ದ ಡಬ್ಬಿಯೊಳಗೆ ಏನಾಗಿದೆಯೋ ಗೊತ್ತಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ನಾನು ಬರೆಯದಿದ್ದರೆ ಎಂಟು ಆಗೋದಿಲ್ಲ. ಏಳು ಐವತ್ತರಲ್ಲೇ ನಿಲ್ಲಿಸಿಬಿಟ್ಟರೆ ಹುಡುಗನಿಗೆ ಯಾವತ್ತೂ ಇನ್ನೂ ಹತ್ತು ನಿಮಿಷ ಇರುತ್ತೆ. ಯಾರಿಗೂ ಏನೂ ಆಗಲ್ಲ. ಅಷ್ಟಾದರೂ ಕೈಲಾದ ಉಪಕಾರ ಮಾಡಿದೆನಲ್ಲ ಅಂತ ದೀಪ ಆರಿಸೋಕೆ ಎದ್ದೆ.

“ಸಾರ್!”

ರುಕ್ಸಾನಳ ಕೂಗು. ಇಷ್ಟು ಹೊತ್ತಿನಲ್ಲಿ ಅವಳದು ಅಂಥ ದನಿ ಕೇಳಿರಲಿಲ್ಲ ನಾನು.

“ಸಾರ್, ಗಾಡಿ ಯಾಕ್ ನಿಂತ್ಹೋಯ್ತು?”

ನೋಡಿದರೆ ಹೌದು. ದಾರಿ ಮಧ್ಯೆ ಟಿವಿಎಸ್ಸು ಕಂಬದ ಹಾಗೆ ನಿಂತಿದೆ. ದುರ್ಗಯ್ಯ ಕಿಕ್ಕಿನ ಮೇಲೆ ಕಿಕ್ಕು ಹೊಡೀತಿದ್ದಾನೆ, ಕಾಲು ಅಲ್ಲಾಡ್ತಿಲ್ಲ. ಆ ಕಡೆ ಜಗುಲಿಯ ಮೇಲೆ ತಾಯಿ, ದಾರಿ ಕಡೆ ಎತ್ತಿದ ಮುಖ ಹಾಗೇ ಇದೆ, ರೆಪ್ಪೆ ಕೂಡ ಬಡೀತಿಲ್ಲ.

“ಎಂಟಾಗದಿದ್ರೆ ನಾವು ತಲುಪೋದೂ ಇಲ್ಲ ಸಾರ್! ಏನಾದ್ರೂ ಆಗ್ಲಿ, ನನ್ ತಲೆ ಮೇಲಿರ್ಲಿ. ಬರೀರಿ!”

“ಆಮೇಲೆ ಏನಾಗುತ್ತೆ ಅಂತ ನಂಗೊತ್ತಿಲ್ಲಮ್ಮ.”

“ನಂಗೊತ್ತಾ? ಆ ಯಮ್ಮಂಗೆ ಗೊತ್ತಾ? ಬರೀರಿ!”

ಪೆನ್ನು ತಗೊಂಡಿದ್ದೀನಿ.

ಏಳು ಐವತ್ತೊಂದು.